ಕೋರೆಗೂ ಮನೆಗೂ ಎಷ್ಟು ದೂರವಿರಬೇಕು?

ಪುತ್ತೂರಿನಿಂದ ಸುಳ್ಯಕ್ಕಾಗಲಿ ಕಡಬಕ್ಕಾಗಲಿ ಹೋಗುವವರು ಹಾದಿಯ ಇಕ್ಕೆಲಗಳಲ್ಲಿ ಒಂದು ಸಂಗತಿಯನ್ನು ಗಮನಿಸದೆ ಇರಲಾರರು. ಈ ನಾಡಿನಲ್ಲಿ ಊರೆಂದರೆ ಒತ್ತೊತ್ತಾಗಿ ಕಟ್ಟಿದ ಮನೆಗಳ ಗುಂಪಲ್ಲ. ಗುಡ್ಡೆಯ ಓರೆಯಲ್ಲಿ ಒಂದು ಮನೆ, ಅದರ ಕೆಳಗೆ ಅಡಕೆಯ ತೋಟ, ತೋಟದ ಅಂಚಿನಲ್ಲಿ ಹರಿಯುವ ತೋಡು, ತೋಡಿನಾಚೆ ಇನ್ನೊಂದು ಗುಡ್ಡೆ, ಅದರ ಮೇಲೆ ಮತ್ತೊಂದು ಮನೆ. ಒಂದು ಗ್ರಾಮದ ಮನೆಗಳು ಹೀಗೆ ಮೈಲುಗಟ್ಟಲೆ ಚದರಿಕೊಂಡಿರುತ್ತವೆ. ಬಯಲುಸೀಮೆಯ ಹಳ್ಳಿಗೆ ಗ್ರಾಮಠಾಣವೆಂಬ ಗೆರೆಯುಂಟು. ಅದರೊಳಗೆ ಮನೆ, ಹೊರಗೆ ಹೊಲ. ದಕ್ಷಿಣ ಕನ್ನಡದ ಗ್ರಾಮಗಳಲ್ಲಿ ಸಾಮಾನ್ಯವಾಗಿ ಅಂತಹ ಗೆರೆಯೇ ಇಲ್ಲ.

ಇದು ಭೂಗೋಳದ ಪಾಠದಲ್ಲಿ ಓದಿ ಮರೆಯುವ ವಿಷಯವಲ್ಲ. ಕಲ್ಲಿನ ಕೋರೆಯನ್ನೋ ಜಲ್ಲಿ ಒಡೆಯುವ ಯಂತ್ರವನ್ನೋ ಎಲ್ಲಿ ಸ್ಥಾಪಿಸಬಹುದು ಎಂಬುದನ್ನು ನಮ್ಮ ಕಾನೂನುಗಳು ಜನವಸತಿಯಿಂದ ಇಷ್ಟು ದೂರ, ಪಟ್ಟಣದ ಎಲ್ಲೆಯಿಂದ ಅಷ್ಟು ದೂರ ಎಂದು ಹೇಳುತ್ತವೆ. ಜನವಸತಿ ಎಲ್ಲಿ ಪ್ರಾರಂಭವಾಯಿತು, ಎಲ್ಲಿ ಮುಗಿಯಿತು ಎಂದು ಬೊಟ್ಟು ಮಾಡಿ ತೋರಿಸಲಾಗದ ಸ್ಥಳದಲ್ಲಿ ಈ ದೂರವನ್ನು ಅಳೆಯುವ ಸರಪಣಿಯ ಒಂದು ತುದಿಯನ್ನು ಎಲ್ಲಿ ಹಿಡಿಯಬೇಕು? ಮೂರು ತಾಲೂಕುಗಳ ಅನೇಕ ತಕರಾರುಗಳ ಬೇರು ಈ ಪ್ರಶ್ನೆಯಲ್ಲಿದೆ. ಅದನ್ನು ಬಿಡಿಸಿ ನೋಡಬೇಕಾದರೆ ಮೊದಲು ಈ 'ದೂರ'ವೆಂಬ ಕಲ್ಪನೆ ಎಲ್ಲಿಂದ ಬಂದಿತೆಂದು ತಿಳಿಯುವುದು ಒಳ್ಳೆಯದು.

ಕಾರ್ಖಾನೆಗಳನ್ನು ಅವುಗಳ ಉಪದ್ರವಕ್ಕನುಸಾರವಾಗಿ ವಿಂಗಡಿಸಿ ಕ್ರಮಬದ್ಧವಾದ ಕಾನೂನು ಮಾಡಿದವರಲ್ಲಿ ಫ್ರೆಂಚರು ಮೊದಲಿಗರು. ೧೮೧೦ನೆಯ ಅಕ್ಟೋಬರ್ ೧೫ರಂದು ನೆಪೋಲಿಯನ್ ಚಕ್ರವರ್ತಿಯು ಹೊರಡಿಸಿದ ಆಜ್ಞೆಯಲ್ಲಿ ದುರ್ವಾಸನೆ ಬೀರುವ ಕಾರ್ಖಾನೆಗಳನ್ನು ಮೂರು ವರ್ಗ ಮಾಡಲಾಗಿತ್ತು. ಮೊದಲನೆಯ ವರ್ಗದವು ಮನೆಗಳಿಂದ ದೂರದಲ್ಲೇ ಇರತಕ್ಕದ್ದು. ಎರಡನೆಯವು ನೆರೆಯವರಿಗೆ ಬಾಧೆಯಾಗದಂತೆ ಕೆಲಸ ನಡೆಸುವುದು ನಿಶ್ಚಯವಾದರೆ ಮಾತ್ರ ಸಮೀಪದಲ್ಲಿರಬಹುದು. ಮೂರನೆಯವು ಮನೆಗಳ ನಡುವೆಯೇ ಇರಬಹುದು, ಆದರೆ ಪೋಲೀಸರ ಕಣ್ಣು ಅವುಗಳ ಮೇಲಿರಬೇಕು. ಇಂದು ನಮ್ಮ ಮಾಲಿನ್ಯ ನಿಯಂತ್ರಣ ಮಂಡಳಿಗಳು ಉದ್ದಿಮೆಗಳಿಗೆ ಕೆಂಪು, ಕಿತ್ತಳೆ, ಹಸುರು, ಬಿಳಿ ಎಂದು ಬಣ್ಣ ಕಟ್ಟುವುದು ಇದೇ ವಿಚಾರದ ಮೊಮ್ಮಗು. ೨೦೧೬ರಲ್ಲಿ ಕೇಂದ್ರ ಮಂಡಳಿಯು ಮಾಲಿನ್ಯ ಸೂಚ್ಯಂಕ ೬೦ ಮತ್ತು ಮೇಲ್ಪಟ್ಟರೆ ಕೆಂಪು, ೨೦ ಮತ್ತು ಕೆಳಗಾದರೆ ಬಿಳಿ ಎಂದು ಅಂಕಿಗಳಿಂದ ವಿಂಗಡಿಸಿತು. ೨೦೨೫ರಲ್ಲಿ ಆ ಪಟ್ಟಿಯನ್ನು ತಿದ್ದಿ ನೀಲಿಯೆಂಬ ಇನ್ನೊಂದು ವರ್ಗವನ್ನೂ ಸೇರಿಸಲಾಯಿತು.

ಆಂಗ್ಲರು ಹಿಡಿದ ದಾರಿ ಬೇರೆ. ಉಪ್ಪಿನಿಂದ ಸೋಡಾ ತಯಾರಿಸುವ ಕಾರ್ಖಾನೆಗಳು ಹೈಡ್ರೋಕ್ಲೋರಿಕ್ ಆಮ್ಲದ ಅನಿಲವನ್ನು ಹೊರಬಿಟ್ಟು ಸುತ್ತಲಿನ ಗಿಡಮರಗಳನ್ನು ಸುಡುತ್ತಿದ್ದಾಗ, ೧೮೬೩ರ ಕ್ಷಾರ ಕಾಯಿದೆಯು ಅವುಗಳನ್ನು ದೂರಕ್ಕೆ ಓಡಿಸಲಿಲ್ಲ. ಅನಿಲದ ನೂರರಲ್ಲಿ ೯೫ ಪಾಲನ್ನು ಕಾರ್ಖಾನೆಯೊಳಗೇ ಹಿಡಿದು ನೀರಿನಲ್ಲಿ ಕರಗಿಸಬೇಕೆಂದು ವಿಧಿಸಿತು. ಒಂದು ದೇಶ ದೂರವನ್ನು ಕೇಳಿತು, ಇನ್ನೊಂದು ದೇಶ ವಿಧಾನವನ್ನು ಕೇಳಿತು. ಇವೆರಡರಲ್ಲಿ ಯಾವುದು ಮೇಲೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಅಮೆರಿಕದ ಲಾಸ್ ಏಂಜಲೀಸ್ ನಗರದ ಒಂದು ಮೊಕದ್ದಮೆಯು ನಮ್ಮ ವಿಷಯಕ್ಕೆ ತೀರ ಸಮೀಪದ್ದು. ಅಲ್ಲಿ ಒಬ್ಬನ ಭೂಮಿಯಲ್ಲಿ ಇಟ್ಟಿಗೆಗೆ ಅತ್ಯುತ್ತಮವಾದ ಮಣ್ಣಿತ್ತು. ಆತನು ಆವಿಗೆ ಹಾಕಿದಾಗ ಸುತ್ತಲೂ ಊರಿರಲಿಲ್ಲ. ಬಳಿಕ ನಗರವು ಬೆಳೆದು ಆವಿಗೆಯನ್ನು ಸುತ್ತುವರಿಯಿತು. ನಗರಾಡಳಿತವು ಆ ಪ್ರದೇಶದಲ್ಲಿ ಇಟ್ಟಿಗೆ ಸುಡಬಾರದೆಂದು ನಿಯಮ ಮಾಡಿತು. ಎಂಟು ಲಕ್ಷ ಡಾಲರು ಬೆಲೆಯ ತನ್ನ ಭೂಮಿ ಅರುವತ್ತು ಸಾವಿರಕ್ಕೆ ಇಳಿಯುವುದೆಂದು ಆತನು ವಾದಿಸಿದರೂ ೧೯೧೫ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ನಗರದ ಪಕ್ಷವನ್ನೇ ಎತ್ತಿಹಿಡಿಯಿತು. ಮೊದಲು ಬಂದವನೆಂಬ ಕಾರಣಕ್ಕೆ ಹೊಗೆಯುಗುಳುವ ಹಕ್ಕು ಶಾಶ್ವತವಾಗಿ ಬರುವುದಿಲ್ಲವೆಂಬುದು ಅದರ ತಾತ್ಪರ್ಯ. ಮರುವರ್ಷವೇ, ೧೯೧೬ರಲ್ಲಿ, ನ್ಯೂಯಾರ್ಕ್ ನಗರವು ತನ್ನ ಇಡೀ ನಕ್ಷೆಯನ್ನು ವಲಯಗಳಾಗಿ ವಿಭಾಗಿಸಿತು.

ನಮ್ಮ ಮೂರು ತಾಲೂಕುಗಳ ನೆಲವು ೧೯೫೬ರ ನವೆಂಬರ್ ೧ರವರೆಗೆ ಮದರಾಸಿಗೆ ಸೇರಿತ್ತು. ೧೯೨೦ರ ಮದರಾಸು ನಗರ ಯೋಜನಾ ಕಾಯಿದೆ, ೧೯೩೯ರ ಸಾರ್ವಜನಿಕ ಆರೋಗ್ಯ ಕಾಯಿದೆ ಇವು ಇಲ್ಲಿಗೂ ಬಂದವು. ಏಕೀಕರಣದ ನಂತರ ೧೯೬೧ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವು ಬಂದಿತು. ಅದರ ಮೇರೆಗೆ ಪುತ್ತೂರು ನಗರಕ್ಕೆ ಒಂದು ಯೋಜನಾ ಪ್ರಾಧಿಕಾರವುಂಟು. ಇಂತಹ ಪ್ರಾಧಿಕಾರಗಳು ತಯಾರಿಸುವ ಮಹಾಯೋಜನೆಯ ನಕ್ಷೆಯಲ್ಲಿ ವಾಸದ ವಲಯಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಗಳಿಗೆ ಹಸುರು ಎಂದು ಬಣ್ಣ ಬಳಿಯುವುದು ವಾಡಿಕೆ. ವಾಸದ ವಲಯದಲ್ಲೂ ಹಿಟ್ಟಿನ ಗಿರಣಿಯಂತಹ ಸಣ್ಣ ಯಂತ್ರಗಳಿಗೆ ಅವಕಾಶವುಂಟು. ಅವುಗಳಿಗೆ ಇಂತಿಷ್ಟು ಅಶ್ವಶಕ್ತಿಯ ಮಿತಿಯೂ ಉಂಟು. ಅಶ್ವಶಕ್ತಿಯು ಯಂತ್ರದ ಬಲವನ್ನು ಅಳೆಯುತ್ತದೆಯೇ ಹೊರತು ಅದರ ಗದ್ದಲವನ್ನಲ್ಲ. ಸಡಿಲಾದ ಸಣ್ಣ ಯಂತ್ರವು ಬಿಗಿಯಾದ ದೊಡ್ಡ ಯಂತ್ರಕ್ಕಿಂತ ಹೆಚ್ಚು ಕಿರಿಚೀತು. ಈ ಕಟ್ಟಳೆಯನ್ನು ಬರೆದವರು ಹಿಟ್ಟಿನ ಗಿರಣಿಯ ಪಕ್ಕದ ಮನೆಯಲ್ಲಿ ವಾಸವಾಗಿರಲಿಲ್ಲವೆಂದು ನಮಗೆ ತೋರುತ್ತದೆ.

ಯೋಜನಾ ಪ್ರದೇಶದ ಗೆರೆಯ ಹೊರಗಿನ ಗ್ರಾಮಗಳಲ್ಲಿ ಬಣ್ಣದ ನಕ್ಷೆಯಿಲ್ಲ. ಅಲ್ಲಿ ಕೃಷಿಭೂಮಿಯನ್ನು ಬೇರೆ ಉಪಯೋಗಕ್ಕೆ ತಿರುಗಿಸಲು ೧೯೬೪ರ ಭೂಕಂದಾಯ ಅಧಿನಿಯಮದ ಪ್ರಕಾರ ಪರಿವರ್ತನೆಯಾಗಬೇಕು. ಕಾರ್ಖಾನೆ ಕಟ್ಟಲು, ಯಂತ್ರ ಕೂಡಿಸಲು ೧೯೯೩ರ ಪಂಚಾಯತ್ ರಾಜ್ ಅಧಿನಿಯಮದ ಮೇರೆಗೆ ಗ್ರಾಮ ಪಂಚಾಯತಿಯ ಅನುಮತಿ ಬೇಕು. ೧೯೭೪ರ ಜಲ ಕಾಯಿದೆ ಮತ್ತು ೧೯೮೧ರ ವಾಯು ಕಾಯಿದೆಗಳ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಜಲ್ಲಿ ಯಂತ್ರಗಳಿಗಾಗಿಯೇ ೨೦೧೧ರಲ್ಲಿ ಪ್ರತ್ಯೇಕ ಅಧಿನಿಯಮವಾಗಿ, 'ಸುರಕ್ಷಿತ ವಲಯ'ವೆಂಬ ಕಲ್ಪನೆ ಬಂದಿತು. ಒಂದೇ ಜಾಗದ ಕಡತವು ನಾಲ್ಕು ಕಚೇರಿಗಳಲ್ಲಿ ನಾಲ್ಕು ಬಗೆಯ ಪ್ರಶ್ನೆಗಳಿಗೆ ಉತ್ತರಿಸುತ್ತದೆ.

ಸದ್ದು, ಧೂಳು, ನಾತ

ಇಷ್ಟು ಕಾನೂನಾಯಿತು. ಈಗ ನಿಸರ್ಗದ ಕಾನೂನನ್ನು ವಿಚಾರಿಸೋಣ. ಅದು ಯಾವ ಕಚೇರಿಯ ಮುದ್ರೆಗೂ ಕಾಯುವುದಿಲ್ಲ.

ಮೊದಲು ಸದ್ದು. ತೆರೆದ ಬಯಲಿನಲ್ಲಿ ಒಂದು ಬಿಂದುವಿನಿಂದ ಹೊರಟ ಶಬ್ದವು ದೂರ ಇಮ್ಮಡಿಯಾದಾಗಲೆಲ್ಲ ಸುಮಾರು ೬ ಡೆಸಿಬೆಲ್‌ನಷ್ಟು ಇಳಿಯುತ್ತದೆ. ಒಂದು ಯಂತ್ರವು ೧೦ ಮೀಟರು ದೂರದಲ್ಲಿ ೯೦ ಡೆಸಿಬೆಲ್ ಸದ್ದು ಮಾಡುತ್ತದೆಂದು ಇಟ್ಟುಕೊಳ್ಳೋಣ. ೨೦ ಮೀಟರಿನಲ್ಲಿ ಅದು ೮೪, ೪೦ರಲ್ಲಿ ೭೮, ೮೦ರಲ್ಲಿ ೭೨ ಆಗುವುದು. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಕೈಗಾರಿಕಾ ಪ್ರದೇಶದಲ್ಲಿ ಹಗಲು ೭೫, ರಾತ್ರಿ ೭೦. ವಾಣಿಜ್ಯ ಪ್ರದೇಶದಲ್ಲಿ ೬೫ ಮತ್ತು ೫೫. ವಾಸದ ಪ್ರದೇಶದಲ್ಲಿ ೫೫ ಮತ್ತು ೪೫. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ೫೦ ಮತ್ತು ೪೦ ಡೆಸಿಬೆಲ್ ಮಿತಿ. ಹಗಲೆಂದರೆ ಬೆಳಗ್ಗೆ ೬ರಿಂದ ರಾತ್ರಿ ೧೦ರ ವರೆಗೆ. ನಮ್ಮ ಯಂತ್ರದ ಸದ್ದು ದೂರವೊಂದರಿಂದಲೇ ೫೫ಕ್ಕೆ ಇಳಿಯಬೇಕಾದರೆ ಮನೆಯು ಸುಮಾರು ೫೬೦ ಮೀಟರು ಆಚೆಗಿರಬೇಕು. ರಾತ್ರಿಯ ೪೫ಕ್ಕೆ ಇಳಿಯಬೇಕಾದರೆ ಸುಮಾರು ಒಂದೂಮುಕ್ಕಾಲು ಕಿಲೋಮೀಟರು! ನಡುವೆ ಗುಡ್ಡೆಯೊಂದು ಅಡ್ಡ ಬಂದರೆ ಲೆಕ್ಕ ಬೇರೆಯಾಗುವುದು. ಗುಡ್ಡೆಯು ಸದ್ದಿಗೆ ಉತ್ತಮವಾದ ಗೋಡೆ. ಆದರೆ ನಾಲ್ಕು ಸಾಲು ಮರ ನೆಟ್ಟರೆ ಸದ್ದು ನಿಲ್ಲುವುದೆಂಬ ನಂಬಿಕೆಗೆ ಅಷ್ಟಾಗಿ ಆಧಾರವಿಲ್ಲ. ಎಲೆಗಳು ಧೂಳನ್ನು ಹಿಡಿಯುತ್ತವೆ, ಯಂತ್ರವನ್ನು ಕಣ್ಣಿಗೆ ಮರೆಮಾಡುತ್ತವೆ. ಸದ್ದನ್ನು ಕೆಲವೇ ಡೆಸಿಬೆಲ್‌ಗಳಷ್ಟು ತಗ್ಗಿಸುತ್ತವೆ.

ಇನ್ನೊಂದು ತೊಡಕೂ ಇದೆ. ಆ ನಾಲ್ಕು ಬಗೆಯ ಪ್ರದೇಶಗಳಲ್ಲಿ ತೋಟದ ನಡುವಿನ ಒಂಟಿ ಮನೆ ಯಾವುದಕ್ಕೆ ಸೇರಿತು? ಮಿಶ್ರ ಪ್ರದೇಶವನ್ನು ನಾಲ್ಕರಲ್ಲಿ ಒಂದೆಂದು ಸಕ್ಷಮ ಪ್ರಾಧಿಕಾರವು ಘೋಷಿಸಬಹುದೆಂದು ನಿಯಮ ಹೇಳುತ್ತದೆ. ಘೋಷಣೆಯಾಗುವ ತನಕ ಆ ಮನೆಯವರು ಯಾವ ಅಂಕಿಯನ್ನು ತಮ್ಮದೆಂದು ಹೇಳಿಕೊಳ್ಳಬೇಕು?

ಧೂಳಿನ ಗಣಿತ ಇನ್ನೂ ಸ್ವಾರಸ್ಯವಾದುದು. ಕಲ್ಲು ಒಡೆಯುವಾಗ ಏಳುವ ಕಣಗಳೆಲ್ಲ ಒಂದೇ ಗಾತ್ರದವಲ್ಲ. ಮಿಲಿಮೀಟರಿನ ಹತ್ತನೆಯ ಒಂದಂಶದಷ್ಟಿರುವ, ಅಂದರೆ ೧೦೦ ಮೈಕ್ರಾನಿನ, ಕಣವು ಸೆಕೆಂಡಿಗೆ ಸುಮಾರು ಅರ್ಧ ಮೀಟರಿನಂತೆ ಬೀಳುತ್ತದೆ. ಹತ್ತು ಮೀಟರು ಎತ್ತರದಿಂದ ಹೊರಟರೆ ಇಪ್ಪತ್ತು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಸೆಕೆಂಡಿಗೆ ಎರಡು ಮೀಟರು ಬೀಸುವ ಮಂದಮಾರುತ ಅದನ್ನು ಹೊತ್ತುಕೊಂಡು ಹೋಗುವುದು ನಲವತ್ತು ಮೀಟರು ಮಾತ್ರ. ಆದರೆ ೧೦ ಮೈಕ್ರಾನಿನ ಕಣವು ಸೆಕೆಂಡಿಗೆ ಎಂಟು ಮಿಲಿಮೀಟರಿನಂತೆ ಇಳಿಯುತ್ತದೆ. ಅದೇ ಎತ್ತರದಿಂದ ಅದೇ ಗಾಳಿಯಲ್ಲಿ ಎರಡೂವರೆ ಕಿಲೋಮೀಟರು ಸಾಗುತ್ತದೆ. ಎರಡೂವರೆ ಮೈಕ್ರಾನಿನದು ನೆಲಕ್ಕಿಳಿಯಲು ಐದಾರು ಗಂಟೆ ಬೇಕು. ಅಷ್ಟರಲ್ಲಿ ಅದು ತಾಲೂಕನ್ನೇ ದಾಟಿರುತ್ತದೆ. ಅಡಕೆಯ ಎಲೆಯ ಮೇಲೆ ಬಿಳಿಯಾಗಿ ಕೂತು ನಮ್ಮ ಕಣ್ಣಿಗೆ ಬೀಳುವುದು ದಪ್ಪ ಧೂಳು. ಕಣ್ಣಿಗೆ ಬೀಳದ ಸಣ್ಣ ಧೂಳೇ ಶ್ವಾಸಕೋಶದ ಕೊನೆಯ ಗೂಡುಗಳನ್ನು ಸೇರತಕ್ಕದ್ದು. ಕಪ್ಪುಕಲ್ಲಿನಲ್ಲಿ ಬೆಣಚು ಇದ್ದರೆ ಅದರ ಸೂಕ್ಷ್ಮ ಧೂಳು ವರ್ಷಾನುಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ, ಪೂರ್ಣ ವಾಸಿಯಾಗದ ರೋಗವನ್ನು ತರುತ್ತದೆ; ಅದಕ್ಕೆ ಮೊದಲ ಬಲಿ ನೆರೆಯವನಲ್ಲ, ಅಲ್ಲಿ ದುಡಿಯುವ ಕೂಲಿಗಾರ. ಯಾವ ವಲಯದ ಗೆರೆಯೂ ಅವನನ್ನು ಕಾಪಾಡದು. ನೀರು ಸಿಂಪಡಿಸಿ, ಯಂತ್ರವನ್ನು ಮುಚ್ಚಿಗೆಯೊಳಗಿಟ್ಟು ಧೂಳನ್ನು ಹುಟ್ಟಿದಲ್ಲೇ ಹಿಡಿದರೆ ಮಾತ್ರ ಅವನಿಗೂ ನೆರೆಯವನಿಗೂ ಏಕಕಾಲದಲ್ಲಿ ರಕ್ಷಣೆ. ಇಲ್ಲಿ ಆಂಗ್ಲರ ದಾರಿಯೇ ಸರಿಯೆಂದು ನಾವು ಭಾವಿಸುತ್ತೇವೆ.

ನಾತದ ವಿಷಯಕ್ಕೆ ರಬ್ಬರು ಒಳ್ಳೆಯ ನಿದರ್ಶನ. ೧೯೬೪ರ ಭಾರತ–ಸಿಲೋನ್ ಒಪ್ಪಂದದ ಮೇರೆಗೆ ಹಿಂದಿರುಗಿದ ತಮಿಳು ಕುಟುಂಬಗಳಿಗೆ ನೆಲೆ ಕಲ್ಪಿಸಲು ಸುಳ್ಯ, ಪುತ್ತೂರು ಕಡೆಗಳಲ್ಲಿ ಸರಕಾರಿ ರಬ್ಬರು ತೋಟಗಳು ಎದ್ದವು. ಖಾಸಗಿ ಬೆಳೆಗಾರರೂ ಬಹಳ ಮಂದಿ. ಮರದ ಹಾಲಿನಲ್ಲಿ ರಬ್ಬರು ಇರುವುದು ಮೂರನೆಯ ಒಂದಂಶಕ್ಕಿಂತ ಸ್ವಲ್ಪ ಹೆಚ್ಚುಕಡಿಮೆ. ಉಳಿದುದು ಹೆಚ್ಚಾಗಿ ನೀರು. ಫಾರ್ಮಿಕ್ ಆಮ್ಲ ಬೆರಸಿ ರಬ್ಬರನ್ನು ಹೆಪ್ಪುಗಟ್ಟಿಸಿದಾಗ ಉಳಿಯುವ ತಿಳಿಯಲ್ಲಿ ಸಕ್ಕರೆ, ಪ್ರೋಟೀನುಗಳು ಕರಗಿರುತ್ತವೆ. ಇವುಗಳ ಮೇಲೆ ಬ್ಯಾಕ್ಟೀರಿಯಗಳು ಬೆಳೆದು ಬ್ಯುಟಿರಿಕ್ ಮೊದಲಾದ ಆಮ್ಲಗಳನ್ನು ಹುಟ್ಟಿಸುತ್ತವೆ. ಮನುಷ್ಯನ ಮೂಗು ಈ ಆಮ್ಲವನ್ನು ಗಾಳಿಯ ಶತಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಕಂಡುಹಿಡಿಯಬಲ್ಲದು. ಆದುದರಿಂದ ಹತ್ತರಷ್ಟು ತೆಳುವಾದರೂ ನಾತವು ನಾತವಾಗಿಯೇ ಉಳಿಯುತ್ತದೆ. ಸುಳ್ಯದಂತೆ ಪಯಸ್ವಿನಿಯ ಕಣಿವೆಯಲ್ಲಿ ಕುಳಿತ ಊರಿಗೆ ಮತ್ತೊಂದು ಕಷ್ಟವೂ ಉಂಟು. ಚಳಿಗಾಲದ ರಾತ್ರಿ ಗುಡ್ಡಗಳ ಮೇಲಿನ ತಂಪುಗಾಳಿ ಕಣಿವೆಗೆ ಜಾರಿ ಇಳಿಯುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಬೆಳಗಿನ ಮಂಜು ಕಣಿವೆಯಲ್ಲಿ ತುಂಬಿ ನಿಲ್ಲುವಂತೆಯೇ ಹೊಗೆಯೂ ನಾತವೂ ತುಂಬಿ ನಿಲ್ಲುತ್ತವೆ. ಸೂರ್ಯ ಏರಿದ ಮೇಲೆ ಮುಚ್ಚಳ ಒಡೆಯುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ತನಿಖೆಗೆ ಬಂದ ಅಧಿಕಾರಿಗೆ ಏನೂ ವಾಸನೆ ಬಾರದಿದ್ದರೆ ದೂರು ಕೊಟ್ಟವರು ಸುಳ್ಳು ಹೇಳಿದರೆಂದು ತಿಳಿಯಬೇಕಾಗಿಲ್ಲ.

ಸುವಾಸನೆಯೂ ಕಾರ್ಖಾನೆಯಿಂದ ಬರುವುದುಂಟು. ಪುತ್ತೂರಿನ ಕೆಮ್ಮಿಂಜೆಯಲ್ಲಿ ೧೯೮೬ರಿಂದ ಕ್ಯಾಂಪ್ಕೊ ಸಂಸ್ಥೆಯ ಚಾಕೊಲೇಟು ಕಾರ್ಖಾನೆಯುಂಟು. ಹುರಿದ ಕೊಕ್ಕೊದ ಪರಿಮಳವನ್ನು ಯಾರೂ ಉಪದ್ರವವೆಂದು ಕರೆಯಲಾರರು. ಆದರೂ ಸಕ್ಕರೆ, ಕೊಬ್ಬು ಬೆರೆತ ತೊಳೆನೀರನ್ನು ಯಾವ ಆಹಾರ ಕಾರ್ಖಾನೆಯೂ ಶುದ್ಧಿ ಮಾಡಿಯೇ ಹೊರಬಿಡಬೇಕು. ತೋಡಿಗೆ ಬಿಡುವ ನೀರಿನ ಜೈವಿಕ ಆಮ್ಲಜನಕದ ಬೇಡಿಕೆ ಲೀಟರಿಗೆ ೩೦ ಮಿಲಿಗ್ರಾಮನ್ನು ಮೀರಬಾರದೆಂದು ಸಾಮಾನ್ಯ ನಿಯಮ. ಸಕ್ಕರೆಯು ವಿಷವಲ್ಲ; ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿದಾಗ ಮೀನು ಸಾಯುತ್ತದೆ.

ನೆಲದ ಕೆಳಗಿನ ಗೆರೆ

ಈ ಸೀಮೆಯ ಕೆಂಪುಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಕಲ್ಲನ್ನು ವರ್ಣಿಸಿದ ಅವನ ಗ್ರಂಥ ೧೮೦೭ರಲ್ಲಿ ಪ್ರಕಟವಾಯಿತು. ಲ್ಯಾಟಿನಿನಲ್ಲಿ ಆ ಪದದ ಮೂಲಕ್ಕೆ ಇಟ್ಟಿಗೆಯೆಂದೇ ಅರ್ಥ. ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿಲ್ಲದೆ ಇಲ್ಲಿ ಮನೆಯಿಲ್ಲ, ದೇವಸ್ಥಾನದ ಪೌಳಿಯಿಲ್ಲ, ಶಾಲೆಯ ಗೋಡೆಯಿಲ್ಲ. ಕೋರೆಯನ್ನು ಬೈಯುವವರೂ ಕೋರೆಯ ಕಲ್ಲಿನ ಮನೆಯೊಳಗೆ ಕುಳಿತೇ ಬೈಯಬೇಕಾಗಿದೆ. ಲಾಸ್ ಏಂಜಲೀಸಿನ ಮಣ್ಣಿನಂತೆ ಇದೂ ಇದ್ದಲ್ಲೇ ಇರುವಂಥದು. ನೇರಳೆ ಬಣ್ಣ ಬಳಿದ ಜಾಗಕ್ಕೆ ಅದನ್ನು ವರ್ಗಾಯಿಸಲಾಗದು.

ಆದರೆ ಈ ಕಲ್ಲಿನ ಇನ್ನೊಂದು ಗುಣವನ್ನು ನಕ್ಷೆ ಬರೆಯುವವರು ಮರೆಯುವಂತಿಲ್ಲ. ಅದರ ಮೈಯೆಲ್ಲ ರಂಧ್ರ. ಮಳೆಗಾಲದಲ್ಲಿ ಕುಡಿದ ನೀರನ್ನು ಅದು ಬೇಗನೆ ಕೆಳಗಿಳಿಸಿ ಬಾವಿಗಳಿಗೂ ತೋಡುಗಳಿಗೂ ಕೊಡುತ್ತದೆ. ಗುಡ್ಡೆಯ ಹೊಟ್ಟೆಗೆ ಅಡ್ಡವಾಗಿ ಸುರಂಗ ಕೊರೆದು ನೀರು ತರುವ ಈ ಸೀಮೆಯ ಹಳೆಯ ವಿದ್ಯೆ ನಡೆದಿರುವುದು ಇದೇ ಗುಣದಿಂದ. ಮರಳಿನ ಪದರದಲ್ಲಿ ನಿಧಾನವಾಗಿ ಸೋಸಿ ಬರುವ ನೀರಿನ ಶುದ್ಧಿಯನ್ನು ಇಲ್ಲಿ ನಿರೀಕ್ಷಿಸಬಾರದು. ಗುಡ್ಡೆಯ ನೆತ್ತಿಯಲ್ಲಿ ಸುರಿದುದು ಬುಡದ ಬಾವಿಗೆ ಅವಸರದಲ್ಲೇ ಇಳಿಯಬಹುದು. ಬಿಟ್ಟುಹೋದ ಕೋರೆಯ ಹೊಂಡವು ಮಳೆಗಾಲದಲ್ಲಿ ತುಂಬಿದಾಗ ಅದಕ್ಕೆ ಎಸೆದ ಕಸದ ರಸಕ್ಕೂ ಇದೇ ದಾರಿ. ಆದುದರಿಂದ ವಲಯದ ಗೆರೆಯನ್ನು ನೆಲದ ಮೇಲೆ ವೃತ್ತಾಕಾರವಾಗಿ ಎಳೆದರೆ ಸಾಲದು. ನೀರು ಹರಿಯುವ ದಿಕ್ಕಿಗೆ ಅದನ್ನು ಉದ್ದ ಮಾಡಬೇಕು. ಮೇಲಿನ ಮನೆಗೆ ನೂರು ಮೀಟರು ಸಾಕಾದೀತು, ಕೆಳಗಿನ ಬಾವಿಗೆ ಸಾಲದೆ ಹೋದೀತು.

ಸಿಡಿಮದ್ದು ಬಳಸುವ ಕಪ್ಪುಕಲ್ಲಿನ ಕೋರೆಗಳಲ್ಲಿ ನೆಲದ ಕಂಪನದ ಪ್ರಶ್ನೆಯೂ ಸೇರುತ್ತದೆ. ಗಣಿ ಸುರಕ್ಷತೆಯ ನಿರ್ದೇಶನಾಲಯವು ೧೯೯೭ರಲ್ಲಿ ವಿಧಿಸಿದ ಮಿತಿಯ ಪ್ರಕಾರ, ಸೆಕೆಂಡಿಗೆ ಎಂಟು ಸಲಕ್ಕಿಂತ ನಿಧಾನವಾದ ಕಂಪನವಾದರೆ, ಇತರರ ವಾಸದ ಮನೆಯ ಬಳಿ ನೆಲದ ಕಣಗಳ ವೇಗವು ಸೆಕೆಂಡಿಗೆ ೫ ಮಿಲಿಮೀಟರನ್ನು ಮೀರಬಾರದು. ಗಡಿಯಾಚೆಯ ಕಾಸರಗೋಡನ್ನೂ ಒಳಗೊಂಡ ಕೇರಳದಲ್ಲಿ ಕೋರೆಗೂ ಮನೆಗೂ ೫೦ ಮೀಟರು ಸಾಕೆಂಬ ನಿಯಮವಿತ್ತು. ೨೦೨೦ರ ಜುಲೈಯಲ್ಲಿ ರಾಷ್ಟ್ರೀಯ ಹಸುರು ನ್ಯಾಯಮಂಡಲಿಯು ಸಿಡಿಮದ್ದು ಬಳಸುವುದಾದರೆ ೨೦೦, ಇಲ್ಲವಾದರೆ ೧೦೦ ಮೀಟರು ಇರಬೇಕೆಂದು ಹೇಳಿತು. ಕೋರೆಯವರು ಮೇಲಿನ ನ್ಯಾಯಾಲಯಗಳಿಗೆ ಹೋದರು. ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಷಯವನ್ನು ಎಲ್ಲರನ್ನೂ ಕೇಳಿ ಹೊಸದಾಗಿ ವಿಚಾರಿಸಬೇಕೆಂದು ಮಂಡಲಿಗೆ ಮರಳಿಸಿತು. ಐವತ್ತಕ್ಕೂ ಇನ್ನೂರಕ್ಕೂ ನಡುವಣ ಈ ಜಗಳದಲ್ಲಿ ಒಂದು ಮಾತು ಮಾತ್ರ ಸ್ಪಷ್ಟ: ಅಲ್ಲಿ ಅಳತೆ ಪ್ರಾರಂಭವಾಗುವುದು ಗ್ರಾಮದ ಗೆರೆಯಿಂದಲ್ಲ, ಮನೆಯಿಂದ. ಕೇರಳದ ಮನೆಗಳೂ ನಮ್ಮವುಗಳಂತೆಯೇ ಚದರಿದವು.

ಇನ್ನು ಘಟ್ಟದ ಬುಡಕ್ಕೆ ಬರೋಣ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಕೇಂದ್ರ ಸರಕಾರವು ೨೦೧೪ರಿಂದ ೨೦೨೪ರ ವರೆಗೆ ಆರು ಸಲ ಹೊರಡಿಸಿತು. ಒಟ್ಟು ೫೬ ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಿನ ಪ್ರದೇಶದಲ್ಲಿ ಕರ್ನಾಟಕದ ಪಾಲು ೨೦,೬೬೮. ಸುಳ್ಯ, ಕಡಬ ತಾಲೂಕುಗಳ ಘಟ್ಟದಂಚಿನ ಗ್ರಾಮಗಳೂ ಇದರಲ್ಲಿವೆ. ಗಣಿ, ಕೋರೆ, ಮರಳುಗಾರಿಕೆ, ಹೊಸ ಉಷ್ಣವಿದ್ಯುತ್ ಸ್ಥಾವರ, ಕೆಂಪು ವರ್ಗದ ಹೊಸ ಉದ್ದಿಮೆ ಇವು ನಿಷಿದ್ಧ. ಕಿತ್ತಳೆ ವರ್ಗದವಕ್ಕೆ ಷರತ್ತು. ೨೦೧೬ರ ಪಟ್ಟಿಯಲ್ಲಿ ಜಲ್ಲಿ ಯಂತ್ರವು ಕಿತ್ತಳೆ ವರ್ಗದ್ದೆಂಬುದನ್ನು ಇಲ್ಲಿ ನೆನೆಯಬಹುದು. ತಮ್ಮ ತೋಟ, ಮನೆಗಳಿಗೂ ಅಡ್ಡಿ ಬಂದೀತೆಂದು ಈ ಗ್ರಾಮಗಳ ಕೃಷಿಕರು ಭಯಪಟ್ಟರು. ೨೦೨೪ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟವು ವರದಿಯನ್ನು ತಿರಸ್ಕರಿಸಿತು. ತೋಟಕ್ಕೆ ನಿಷೇಧವಿಲ್ಲವೆಂದು ಕರಡಿನ ಪಟ್ಟಿಯನ್ನು ಓದಿದವರಿಗೆ ತಿಳಿಯುತ್ತದೆ. ಆದರೆ ಆ ಮಾತನ್ನು ಕನ್ನಡದಲ್ಲಿ, ಸರ್ವೆ ನಂಬರು ಸಹಿತವಾಗಿ, ಅವರ ಅಂಗಳಕ್ಕೆ ಬಂದು ಹೇಳಿದವರು ಎಷ್ಟು ಮಂದಿ? ದೂರದಲ್ಲಿ ಕುಳಿತು ಉಪಗ್ರಹದ ಚಿತ್ರದ ಮೇಲೆ ಎಳೆದ ಗೆರೆಯನ್ನು ಅದರೊಳಗೆ ಬದುಕುವವರು ನಂಬಲಿಲ್ಲವೆಂದರೆ ಆಶ್ಚರ್ಯವೇನು?

ಗೆರೆಯ ಅಗತ್ಯವನ್ನೇ ತಗ್ಗಿಸಿದ ಒಂದು ಉದಾಹರಣೆ ನಮ್ಮಲ್ಲೇ ಇದೆ. ಗೇರುಬೀಜವನ್ನು ಹಿಂದೆ ಉರುಳೆಗಳಲ್ಲಿ ಹುರಿಯುತ್ತಿದ್ದರು. ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಮೊದಲಾದ ದ್ರವ್ಯಗಳು ಚರ್ಮವನ್ನು ಸುಡುವಂಥವು. ಹುರಿಯುವಾಗ ಏಳುವ ಹೊಗೆ ಕಣ್ಣು, ಗಂಟಲುಗಳನ್ನು ಉರಿಸುತ್ತಿತ್ತು. ಬೀಜವನ್ನು ಹಬೆಯಲ್ಲಿ ಬೇಯಿಸಿ ಒಡೆಯುವ ಕ್ರಮ ಬಂದ ಮೇಲೆ ಆ ಹೊಗೆಯ ಬಹುಭಾಗ ಮಾಯವಾಯಿತು. ಉದ್ದಿಮೆ ಅದೇ, ಬೀಜ ಅದೇ. ನೆರೆಯವರಿಗೆ ಬೇಕಾದ ದೂರ ಮಾತ್ರ ಬದಲಾಯಿತು.

ಕೋರೆಗೆ ಅಂತಹ ಸುಲಭೋಪಾಯವಿಲ್ಲ. ಅಲ್ಲಿ ಅಳೆಯಲೇಬೇಕು. ಅಳೆಯುವುದಾದರೆ ಹತ್ತಿರದ ಮನೆಯ ಹೊಸ್ತಿಲಿನಿಂದ, ಹತ್ತಿರದ ಬಾವಿಯ ಕಟ್ಟೆಯಿಂದ, ಶಾಲೆಯ ಗೋಡೆಯಿಂದ ಅಳೆಯಬೇಕು. ಅನುಮತಿಯ ಕಾಗದದಲ್ಲಿ ಆ ಮೂರು ಅಂಕಿಗಳನ್ನೂ ಬರೆದು ಪಂಚಾಯತಿಯ ಫಲಕದಲ್ಲಿ ತೂಗಹಾಕಬೇಕು ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಹೊಸ ಕಾಯಿದೆಗಾಗಿ ಕಾಯಬೇಕಾಗಿಲ್ಲ, ಹಗ್ಗ ಹಿಡಿಯುವ ಇಬ್ಬರು ಮನುಷ್ಯರು ಬೇಕು.

ಅನುಮತಿ ಪಡೆದ ಮೇಲೂ ಉಪದ್ರವ ನಿಲ್ಲದಿದ್ದರೆ? ೨೦೨೪ರ ಜುಲೈ ೧ರವರೆಗೆ ದಂಡ ಪ್ರಕ್ರಿಯಾ ಸಂಹಿತೆಯ ೧೩೩ನೆಯ ಪ್ರಕರಣವಾಗಿದ್ದುದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೫೨ನೆಯದಾಗಿದೆ. ಸಾರ್ವಜನಿಕರಿಗೆ ಬಾಧಕವಾದ ಕಸುಬನ್ನು ನಿಲ್ಲಿಸುವಂತೆ, ಇಲ್ಲವೆ ಕ್ರಮಪಡಿಸುವಂತೆ ಕಾರ್ಯನಿರ್ವಾಹಕ ದಂಡಾಧಿಕಾರಿಯು ಇದರ ಮೇರೆಗೆ ಆಜ್ಞೆ ಮಾಡಬಹುದು. ೧೯೮೦ರಲ್ಲ್ಲಿ ಮಧ್ಯಪ್ರದೇಶದ ರತ್ಲಾಮ್ ಊರಿನ ಒಂದು ಬೀದಿಯ ನಿವಾಸಿಗಳು, ತೆರೆದ ಚರಂಡಿ ಮತ್ತು ಮದ್ಯಸಾರದ ಕಾರ್ಖಾನೆಯ ಹೊಲಸುನೀರಿನ ಬಗ್ಗೆ ಹೂಡಿದ ದೂರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋಗಿ ಗೆದ್ದದ್ದು ಇದೇ ಪ್ರಕರಣದ ಬಲದಿಂದ. ಹಣವಿಲ್ಲವೆಂಬ ನೆವವನ್ನು ನಗರಸಭೆಯು ಹೇಳಿತ್ತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ದೂರು ಕೊಡುವವರು ದಿನಾಂಕ, ಗಂಟೆ, ಗಾಳಿ ಬೀಸಿದ ದಿಕ್ಕು, ಆ ಹೊತ್ತಿನಲ್ಲಿ ನಡೆಯುತ್ತಿದ್ದ ಕೆಲಸ ಇವುಗಳನ್ನು ಒಂದು ತಿಂಗಳ ಕಾಲ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಮಧ್ಯಾಹ್ನ ಹನ್ನೆರಡರ ತನಿಖೆಯನ್ನು ಬೆಳಗಿನ ಆರಕ್ಕೆ ಬದಲಾಯಿಸಿರೆಂದು ಕೇಳಲು ಕೈಯಲ್ಲಿ ಆಧಾರವಿರುತ್ತದೆ.